ನಾಲ್ಕನೆಯ ತುಂಡು

ಮಜೀದಸಾಬ ಮುಚ್ಚಳವನ್ನು ಡಬ್ಬಿಯ ಬಾಯಿಗೆ ತಾಗಿಸಿ ಬೆರಳು ತೆಗೆದ. ಒಳಗಿನ ಗಾಳಿಯ ಮೇಲೆ ಕೂತಂತೆ ಮುಚ್ಚಳ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಇಳಿಯತೊಡಗಿತು. ಕೊನೆಯ ಎರಡು ದಾರದಷ್ಟು, ಅಂದರೆ ಕಾಲು ಇಂಚಿನಷ್ಟು, ದೂರದಲ್ಲಿ ಅವಸರ ಮಾಡಿ ಟಕ್ ಎಂದು ಕೂತಿತು. ಅವನು ಮುಚ್ಚಳ ತೆಗೆದು, ಡಬ್ಬಿಯನ್ನು ಬಲಗಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಬಿಟ್ಟ. ಮತ್ತೆ ಅದೇ ಸದ್ದು.

"ಇಳೀಲಿಲ್ಲ. ಬಿತ್ತು," ಅಂದು ಅದನ್ನು ಬಚ್ಚಲ ಒಲೆಗೆ ಎಸೆದ.

ಒಲೆಯ ಬಾಯಿ ಅಂಗಳಕ್ಕಿತ್ತು, ಹಂಡೆ ಗೋಡೆಯ ಆಚೆ ಬಚ್ಚಲಲ್ಲಿ. ಹುಮೇರಾ ಬ್ಯಾಗನ್ನು ಹೆಗಲಿನಿಂದ ಇಳಿಸದೆ ನಿಂತು ನೋಡಿದಳು. ಸಾಗವಾನಿ ಕಟ್ಟಿಗೆಯಲ್ಲಿ ಎಣ್ಣೆಯ ಅಂಶ ಹೆಚ್ಚು. ಡಬ್ಬಿ ಒಮ್ಮೆ ಕಪ್ಪಾಗಿ, ಅಂಚಿನಲ್ಲಿ ಸಣ್ಣಗೆ ನೊರೆಯುಕ್ಕಿ, ಹೊತ್ತಿಕೊಂಡಿತು. ಅದು ನಲವತ್ತೊಂದನೆಯದು.

"ನೀರು ಕಾದಾವ. ಹೋಗು, ಮೈ ತೊಳ್ಕೊ," ಅಂದ ತಂದೆ. ಡಬ್ಬಿ ತಂದ ಪ್ರತಿ ಸಂಜೆ ಅವನ ಕೊನೆಯ ಮಾತು ಅದೇ ಆಗಿರುತ್ತಿತ್ತು.

ಮೂರು ತಿಂಗಳಿಂದ ಇದು ನಡೆದಿತ್ತು. ಶಹಾಬಾದದ ಹೊರಗೆ, ವಾಡಿ ರಸ್ತೆಯ ಪಕ್ಕದ ಶೆಡ್ಡಿನಲ್ಲಿ ಹುಮೇರಾ ಕಟ್ಟಿಗೆ ಕೊರೆಯುವ ಕಂಪ್ಯೂಟರ್ ಮಷೀನು ನಡೆಸುತ್ತಿದ್ದಳು. ಹಗಲೆಲ್ಲ ಬಾಗಿಲಿನ ಬಳ್ಳಿ, ಮನೆಯ ಹೆಸರಿನ ಫಲಕ. ಕೆಲಸ ಮುಗಿದ ಮೇಲೆ ಮಾಲೀಕ ಅಮರನಾಥನ ಒಪ್ಪಿಗೆಯಿಂದ ಒಂದು ಡಬ್ಬಿ. ಅವಳು ಮಾಡಲೆತ್ನಿಸುತ್ತಿದ್ದದ್ದು ತಂದೆಯ ಡಬ್ಬಿಯನ್ನೇ: ಅಂಗೈಯಲ್ಲಿ ಹಿಡಿಯುವಷ್ಟು, ಮೊಟ್ಟೆಯ ಆಕಾರದ್ದು, ಒಂದೇ ಕಟ್ಟಿಗೆಯಿಂದ ಮೈಯನ್ನೂ ಮುಚ್ಚಳವನ್ನೂ ತೆಗೆದದ್ದು. ಕೀಲಿಲ್ಲ, ಕೊಂಡಿಯಿಲ್ಲ. ಮುಚ್ಚಳ ಗಾಳಿಯ ಮೇಲೆ ತಾನಾಗಿ ಇಳಿದು ಸದ್ದಿಲ್ಲದೆ ಕೂರಬೇಕು. ಅತ್ತರಿನ ಸೀಸೆ, ಸುರ್ಮಾ, ಮೂಗುಬೊಟ್ಟು ಇಡಲು ಒಂದು ಕಾಲಕ್ಕೆ ಚಿತ್ತಾಪುರ, ಸೇಡಂನಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಈಗ ಎರಡು ವರ್ಷದಿಂದ ಮಜೀದಸಾಬನ ಕೈ ನಡುಗುತ್ತಿತ್ತು.

ಒಂದು ಡಬ್ಬಿಗೆ ಅವನು ಒಂದೇ ತಪ್ಪು ಹೇಳುತ್ತಿದ್ದ. ಮೊದಲನೆಯದಕ್ಕೆ, ಒಳಗೆ ನಾರೆದ್ದಿದೆ. ಅದನ್ನು ಸರಿಮಾಡಿ ತಂದರೆ, ಮುಚ್ಚಳದ ಗೆರೆ ಮೈಯ ಗೆರೆಗೆ ಕೂಡುವುದಿಲ್ಲ. ಅದನ್ನೂ ಸರಿಮಾಡಿದರೆ, ಅಂಚು ಕೈಗೆ ಚುಚ್ಚುತ್ತದೆ. ಹೇಳಿ ಒಲೆಗೆ ಹಾಕುವನು. ಎಲ್ಲ ತಪ್ಪನ್ನೂ ಒಮ್ಮೆಲೇ ಹೇಳಬಾರದೇ ಎಂದು ಅವಳು ಒಂದು ಸಲ ಕೇಳಿದ್ದಳು.

"ಎಲ್ಲಾ ಇವತ್ತ ಹೇಳಿಬಿಟ್ರ, ನಾಳಿಗಿ ನೀರು ಯಾವುದರಿಂದ ಕಾಸಲಿ?" ಅಂದಿದ್ದ.

ಉಳಿಯನ್ನು ಅವನು ಮಗಳಿಗೆ ಕೊಟ್ಟವನಲ್ಲ. ಅವಳಿಗೆ ಹತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ಅವನ ಸಣ್ಣ ಉಳಿ ತೆಗೆದುಕೊಂಡು ಸಾಬೂನಿನ ತುಂಡು ಕೆತ್ತುತ್ತಿದ್ದಳು. ಅವನು ಬಂದು, ಕಟ್ಟಿಗೆ ಉಜ್ಜುವ ಕಾನಸಿನ ಚಪ್ಪಟೆ ಮೈಯಿಂದ ಅವಳ ಬೆರಳ ಗೆಣ್ಣುಗಳ ಮೇಲೆ ಹೊಡೆದ. ಅಂದಿನಿಂದ ಹತ್ಯಾರದ ಪೆಟ್ಟಿಗೆಗೆ ಬೀಗ ಬಿತ್ತು. ಕೆಲಸ ಕಲಿಸಿದ್ದು ತನ್ನ ಅಣ್ಣನ ಮಗ ಮುಜಾಹಿದ್‌ಗೆ. ಅವನು ಪುಣೆಗೆ ಹೋಗಿ ಟೈಲ್ಸ್ ಹಾಕುತ್ತಿದ್ದ. ತಾಯಿ ಮಾಶಾಬಿ ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿ ಇಬ್ಬರೇ, ಮತ್ತೆ ಆ ಪೆಟ್ಟಿಗೆ.

ಅಮರನಾಥನ ಶೆಡ್ಡು ಮೊದಲು ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಜಾಗವಾಗಿತ್ತು. ಗೋಡೆಯ ಮೇಲೆ ಇನ್ನೂ ಬೂದುಬಣ್ಣದ ಕೆಸರು ಒಣಗಿ ಅಂಟಿತ್ತು. ಮಷೀನು ಅದರ ನಡುವೆ, ಮಂಚದಷ್ಟು ದೊಡ್ಡದು. ಅದರ ಹಲಗೆಯ ತುಂಬ ಚೌಕಳಿಯಾಗಿ ಕೊರೆದ ಸಣ್ಣ ತೋಡುಗಳು. ತೋಡಿನಲ್ಲಿ ರಬ್ಬರಿನ ದಾರ ಕೂರಿಸಿ, ಅದರ ಮೇಲೆ ಕಟ್ಟಿಗೆ ಇಟ್ಟು, ಪಂಪು ಹಚ್ಚಿದರೆ ಕಟ್ಟಿಗೆಯ ಕೆಳಗಿನ ಗಾಳಿ ಖಾಲಿಯಾಗುತ್ತದೆ. ಕ್ಲಾಂಪ್ ಬೇಡ, ಮೊಳೆ ಬೇಡ. ಪಂಪು ಎಳೆದು ಹಿಡಿಯುತ್ತದೆ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ನಿಜದಲ್ಲಿ ಹಿಡಿಯುವುದು ಮೇಲಿನ ಗಾಳಿ. ಅದು ಎಲ್ಲರ ತಲೆಯ ಮೇಲೆ ಯಾವಾಗಲೂ ಇರುವ ಭಾರ. ಕೆಳಗೆ ಎದುರು ಒತ್ತುವುದು ಇಲ್ಲವಾದಾಗ ಮಾತ್ರ ಗೊತ್ತಾಗುತ್ತದೆ. ಡಬ್ಬಿಯ ತಳದಷ್ಟು ಸಣ್ಣ ಜಾಗದ ಮೇಲೂ ಮೂವತ್ತು ಕಿಲೋಗಿಂತ ಹೆಚ್ಚು. ಹುಮೇರಾ ಇದನ್ನು ಮನೆಯಲ್ಲಿ ಹೇಳಿದಾಗ ಮಜೀದಸಾಬ ಪಕ್ಕದ ಮನೆಯವರನ್ನು ಕರೆದು, "ಕೇಳ್ರಿ, ಗಾಳಿಗಿ ತೂಕ ಅದ ಅಂತಾಳ ನನ್ನ ಮಗಳು. ನಾಳಿಗಿ ತಕ್ಕಡಿ ತಂದು ಮಾರ್ತಾಳ," ಅಂದು ನಗಿಸಿದ್ದ.

ಸಣ್ಣ ಕಟ್ಟಿಗೆ ಹಿಡಿಯುವುದು ಅಷ್ಟು ಸುಲಭವಲ್ಲ. ಬೇಸಿಗೆಗೆ ಸಾಗವಾನಿಯ ರಂಧ್ರಗಳು ತೆರೆದು ಗಾಳಿ ಸೋರುತ್ತದೆ. ಅಂಚನ್ನು ಪೂರ್ತಿ ಕೊಯ್ದ ಕ್ಷಣ ಹಿಡಿತ ಹೋಗುತ್ತದೆ. ಏಳನೆಯ ಡಬ್ಬಿ ಹಾರಿ ಶೆಡ್ಡಿನ ತಗಡಿಗೆ ಬಡಿದಿತ್ತು. ಅವಳು ತಳಕ್ಕೆ ಮೇಣ ಉಜ್ಜುವುದನ್ನು ಕಂಡುಕೊಂಡಳು. ಪೂರ್ತಿ ಕೊಯ್ಯದೆ ತಳದಲ್ಲಿ ಕಾಗದದಂಥ ಪದರು ಬಿಟ್ಟು, ಕೊನೆಗೆ ಅದನ್ನು ಕೈಯಿಂದ ಬಿಡಿಸುವುದನ್ನು ಕಲಿತಳು. ಮಷೀನು ಶುರುಮಾಡುವ ಮೊದಲು ಬೆರಳ ಗೆಣ್ಣಿನಿಂದ ಕಟ್ಟಿಗೆಗೆ ಎರಡು ಸಲ ತಟ್ಟುತ್ತಿದ್ದಳು. ಸದ್ದು ಮಂದವಾಗಿದ್ದರೆ ಹಿಡಿದಿದೆ, ಗೆಲುವಾಗಿದ್ದರೆ ಎಲ್ಲೋ ಸೋರುತ್ತಿದೆ. ಅಂಗಳದಲ್ಲಿ ಕೂತು ಪ್ರತಿ ಹಲಗೆಗೂ ಹಾಗೆ ತಟ್ಟಿ ಕೇಳುವ ತಂದೆಯನ್ನು ನೋಡಿ ಬೆಳೆದವಳು. ಯಾರೂ ಕಲಿಸಿರಲಿಲ್ಲ.

ಸಿರಾಜುದ್ದೀನ ಎಂಬ ಅತ್ತರಿನ ವ್ಯಾಪಾರಿಗೆ ಐದು ಸಾವಿರ ಡಬ್ಬಿ ಬೇಕಿತ್ತು. ಮೂಲ ಸೇಡಂನವನು, ಹೈದರಾಬಾದಿನಲ್ಲಿ ಅಂಗಡಿ. ಮಜೀದಸಾಬನ ಡಬ್ಬಿ ಅವನ ತಾಯಿಯ ಹತ್ತಿರ ಇತ್ತಂತೆ. ಮಷೀನಿನದಾದರೂ ನಡೆದೀತು, ಆದರೆ ಕೈಯದಲ್ಲ ಎಂದು ಯಾರೂ ಹೇಳಬಾರದು. ಮಾಡಿದ ಉಸ್ತಾದನೂ ಹೇಳಬಾರದು. ಅದೇ ಅವನ ಶರತ್ತು. ಅಮರನಾಥನಿಗೆ ಈ ಮಾತು ಬಹಳ ಹಿಡಿಸಿತು. ಒಂದು ತಿಂಗಳ ಹಿಂದೆ ಮನೆಗೇ ಬಂದು, ಅಂಗಳದ ಮಂಚದ ಮೇಲೆ ಕೂತು, ಮಜೀದಸಾಬನೂ ಒಂದು ಡಬ್ಬಿ ಮಾಡಬೇಕು, ಎರಡನ್ನೂ ಎದುರಿಗಿಟ್ಟು ಪರೀಕ್ಷೆ ಮಾಡೋಣ ಎಂದು ಹೇಳಿದ.

"ನನ್ನ ಡಬ್ಬಿ ನಾ ಗುರ್ತ ಹಿಡಿಯಲ್ಲೇನ್ರಿ ಸಾವಕಾರ?" ಅಂದಿದ್ದ ಮಜೀದಸಾಬ. "ಕಣ್ಣು ಕಟ್ಟಿ ಕೊಡ್ರಿ."

ಇಬ್ಬರಿಗೂ ಒಂದೇ ಹಲಗೆಯ ಕಟ್ಟಿಗೆ ಕೊಡಲಾಯಿತು. ಮಜೀದಸಾಬನಿಗೆ ತನ್ನ ಪಾಲಿನ ಡಬ್ಬಿಗೆ ಇಪ್ಪತ್ತಾರು ದಿನ ಹಿಡಿಯಿತು. ಬೆಳಗಿನ ಹತ್ತರಿಂದ ಹನ್ನೆರಡರವರೆಗೆ ಮಾತ್ರ ಕೈ ಹೇಳಿದ ಮಾತು ಕೇಳುತ್ತಿತ್ತು. ನಡುಕ ಬಂದಾಗ ಉಳಿ ಕೆಳಗಿಟ್ಟು, ಬಲಗೈಯನ್ನು ಎಡಗೈಯಿಂದ ತೊಡೆಗೆ ಒತ್ತಿ ಹಿಡಿದು ಕಾಯುತ್ತಿದ್ದ. ರಜೆಯ ದಿನ ಹುಮೇರಾ ಅಡುಗೆಮನೆಯಿಂದ ಅದನ್ನು ನೋಡಿದಳು. ಅವಳು ಅಂಗಳಕ್ಕೆ ಬಂದರೆ ಟವೆಲು ಮುಚ್ಚುತ್ತಿದ್ದ. ಮುಗಿದ ದಿನ ಹತ್ಯಾರಗಳಿಗೆಲ್ಲ ಎಣ್ಣೆ ಹಚ್ಚಿ, ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ.

"ಇನ್ನ ಇವನ್ನ ಬಿಚ್ಚೋದಿಲ್ಲ," ಅಂದ. ಅವಳಿಗೆ ಹೇಳಿದ್ದೋ ಪೆಟ್ಟಿಗೆಗೆ ಹೇಳಿದ್ದೋ ತಿಳಿಯಲಿಲ್ಲ.

ಡಬ್ಬಿಯನ್ನು ಅವಳ ಕೈಗೆ ಕೊಟ್ಟು, "ತಗೊಂಡು ಹೋಗು. ಸೋತ ಮ್ಯಾಲ ವಾಪಸ್ ತಂದಿಡು," ಎಂದೂ ಹೇಳಿದ.

ನಲವತ್ತೆರಡನೆಯದನ್ನು ಅವಳು ಮನೆಗೆ ತರಲಿಲ್ಲ. ಮುಚ್ಚಳಕ್ಕೂ ಮೈಗೂ ನಡುವಿನ ಸಂದನ್ನು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಕಡಿಮೆ ಮಾಡಿದಾಗ ಮುಚ್ಚಳ ಮೇಲಿಂದ ಕೆಳತನಕ ಒಂದೇ ವೇಗದಲ್ಲಿ ಇಳಿಯಿತು. ಕೂರುವಾಗ ಟಕ್ ಅನ್ನಲಿಲ್ಲ. ಕಿವಿಗೆ ಹಚ್ಚಿಕೊಂಡರೆ ಮಾತ್ರ ಉಗುರಿನ ತುದಿ ತಾಗಿದಷ್ಟು ಸಣ್ಣ ಸದ್ದು. ತಂದೆಯದಕ್ಕೂ ತನ್ನದಕ್ಕೂ ತಾನೇ ಒಂದೇ ಡಬ್ಬದ ಪಾಲಿಶ್ ಹಚ್ಚಿ ಒಣಗಿಸಿದಳು. ಅಕ್ಕಪಕ್ಕ ಇಟ್ಟಾಗ ಅವಳಿಗೇ ಒಂದು ಕ್ಷಣ ಗುರುತು ತಪ್ಪಿತು. ತನ್ನದರ ತಳವನ್ನು ಉಗುರಿನಿಂದ ಕೆರೆದರೆ ಬರುವ ಮೇಣದ ವಾಸನೆಯೊಂದೇ ಅವಳ ಗುರುತು. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಅಮರನಾಥ ಅವಳನ್ನು ಪಂಪಿನ ಹತ್ತಿರ ಕರೆದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಮಷೀನಿಗೆ ಬೀದರಿನಿಂದ ಒಬ್ಬ ಗಿರಾಕಿ ಬಂದಿರುವುದನ್ನು ಹೇಳಿದ. ಹೆಸರಿನ ಫಲಕ ಕೊರೆದು ಎಷ್ಟು ದಿನ ಇದನ್ನು ಇಟ್ಟುಕೊಳ್ಳುವುದು ಎಂದ.

"ನಿಮ್ಮಪ್ಪ ತನ್ನ ಡಬ್ಬಿ ಸರಿ ಹೇಳಿದ್ರ ಸೋಮವಾರ ಇದು ಬೀದರಕ್ಕ ಹೋಗ್ತದ. ಮಷೀನ್ ಇಲ್ಲಂದ ಮ್ಯಾಲ ನೀ ಇಲ್ಲಿ ಏನ್ ಮಾಡ್ತಿ? ಮತ್ತ ಮೊದಲಿನಂಗ ಆ ಮೊಬೈಲ್ ಅಂಗಡ್ಯಾಗ ರೀಚಾರ್ಜ್ ಮಾಡ್ಕೋತ ಕುಂದ್ರೋದು." ಅವನು ಪಂಪಿನ ಮೇಲಿನ ಧೂಳನ್ನು ಒಂದು ಬೆರಳಿನಿಂದ ಒರೆಸಿ ನೋಡಿಕೊಂಡ. "ನಿನಗ ಹಿಂಗ ಮಾಡು, ಹಂಗ ಮಾಡು ಅನ್ನಾಕತ್ತಿಲ್ಲ ನಾ. ಸುಮ್ನ ಹೇಳಿದೆ."

ಸಿರಾಜುದ್ದೀನ ಹನ್ನೊಂದಕ್ಕೆ ಬಂದ. ದಪ್ಪ ಮನುಷ್ಯ, ನಗುಮುಖ. ಅವನು ಒಳಗೆ ಬಂದೊಡನೆ ಶೆಡ್ಡಿನ ಕಟ್ಟಿಗೆಯ ವಾಸನೆ ಹಿಂದೆ ಸರಿಯಿತು. ಸಂಜೆ ನಾಲ್ಕಕ್ಕೆ ವಾಡಿಯಿಂದ ಗಾಡಿ ಎಂದು ಮೊದಲೇ ಹೇಳಿದ. ಮಜೀದಸಾಬ ಕುರ್ಚಿ ಬೇಡವೆಂದು ಪರಸಿಯ ಕಟ್ಟೆಯ ಮೇಲೆ ಕೂತಿದ್ದ. ತಲೆಗೆ ಹೊಸ ಟೋಪಿ. ನಡುಗುವ ಕೈಯನ್ನು ಇನ್ನೊಂದು ಕೈಯ ಕೆಳಗಿಟ್ಟುಕೊಂಡಿದ್ದ.

ಪಂಪು ಬಂದ್ ಮಾಡಿ, ಹುಮೇರಾ ಎರಡು ಡಬ್ಬಿಗಳನ್ನು ಮಷೀನಿನ ಹಲಗೆಯ ಮೇಲಿಟ್ಟಳು. ಯಾವುದು ಯಾವುದೆಂದು ಬೇರೆ ಯಾರಿಗೂ ತಿಳಿಯಬಾರದೆಂದು ಅಮರನಾಥ ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದ.

"ಬರ್ರಿ ಮಜೀದಸಾಬ್ರ," ಅಂದ. "ಕಣ್ಣು ಕಟ್ಟಲ್ಲ. ಬೇಕಾದ್ರ ಚಷ್ಮಾ ಹಾಕ್ಕೋರಿ."

ಮಜೀದಸಾಬ ಚಷ್ಮಾ ಹಾಕಿಕೊಳ್ಳಲಿಲ್ಲ. ಎಡಗಡೆಯ ಡಬ್ಬಿ ಎತ್ತಿಕೊಂಡು ಉಗುರನ್ನು ಗೆರೆಯ ಗುಂಟ ಎಳೆದ. ಮುಚ್ಚಳ ತೆಗೆದು ಬಿಟ್ಟ. ಅದು ಇಳಿಯುವುದನ್ನು ನೋಡುತ್ತ ತುಟಿ ಒಂದಿಷ್ಟು ಮುಂದೆ ಮಾಡಿದ, ತಲೆದೂಗಲಿಲ್ಲ. ಹುಮೇರಾ ಅವನ ಮುಖವನ್ನೇ ನೋಡುತ್ತಿದ್ದಳು. ನಲವತ್ತೊಂದು ಸಂಜೆಗಳಲ್ಲಿ ಅವಳು ಆ ಮುಖದಲ್ಲಿ ಕಾಣದ ಒಂದು ವಿಷಯ ಅಲ್ಲಿತ್ತು: ಕಿವಿಗೆ ಹಿಡಿದು ಎರಡನೆಯ ಸಲ ಬಿಟ್ಟ ಮೇಲೂ ಅವನು ಮೂರನೆಯ ಸಲ ಬಿಟ್ಟು ನೋಡಿದ. ಎರಡು ಸಲಕ್ಕೆ ತೀರ್ಮಾನ ಮಾಡಲು ಆಗಿರಲಿಲ್ಲ.

ಆಮೇಲೆ ಬಲಗಡೆಯದನ್ನು ತೆಗೆದುಕೊಂಡ. ಮುಚ್ಚಳ ಬಿಟ್ಟ. ಕಿವಿಗೆ ಹಿಡಿಯಲೂ ಇಲ್ಲ. ಮುಚ್ಚಳ ಇಳಿದು ಕೂತ ಮೇಲೆ ಅದನ್ನು ಎರಡು ಬೆರಳಿನಿಂದ ಹಿಡಿದು ಎತ್ತಿದ. ಮೈಯೂ ಅದರೊಂದಿಗೆ ಒಂದು ಉಸಿರಿನಷ್ಟು ಹೊತ್ತು ಎದ್ದು ಬಂದು, ಬಿಟ್ಟಿತು.

"ಇದು ನಂದು," ಅಂದ.

ಅದು ಅವನದೇ ಆಗಿತ್ತು.

ಸಿರಾಜುದ್ದೀನ ಅಮರನಾಥನ ಕಡೆ ನೋಡಿದ. ಅಮರನಾಥ ಹುಮೇರಾಳ ಕಡೆ ನೋಡಿದ.

"ನೀ ಇಟ್ಟಾಕಿ. ನೀನ ಹೇಳವಾ."

ಬಾಯಿ ತೆರೆಯುವವರೆಗೂ ತಾನು ನಿಜವನ್ನೇ ಹೇಳುತ್ತೇನೆಂದು ಅವಳಿಗೆ ಅನಿಸಿತ್ತು. ತಂದೆ ಡಬ್ಬಿಯನ್ನು ಎದೆಯ ಹತ್ತಿರ ಹಿಡಿದುಕೊಂಡು, ಅವಳನ್ನು ನೋಡುತ್ತಲೇ ಇರಲಿಲ್ಲ. ಕೇಳುವ ಅಗತ್ಯವೇ ಇಲ್ಲವೆಂಬಂತೆ ಆಗಲೇ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಬಾಯಿಯ ಮೂಲೆಯಲ್ಲಿ ಡಬ್ಬಿಯನ್ನು ಒಲೆಗೆ ಎಸೆಯುವಾಗಿನ ನಗು ಹುಟ್ಟುತ್ತಿತ್ತು.

"ಅಲ್ಲ ಅಬ್ಬಾ," ಅಂದಳು. "ಅದು ಮಷೀನಿಂದು."

ಹೊರಗೆ ಕಲ್ಲಿನ ಲಾರಿಯೊಂದು ಗೇರು ಬದಲಿಸಿ ಏರು ಹತ್ತಿತು. ಮಜೀದಸಾಬ ನಿಧಾನವಾಗಿ ತಲೆಯೆತ್ತಿ ಮಗಳನ್ನು ನೋಡಿದ. ಮತ್ತೆ ಕೈಯಲ್ಲಿದ್ದ ಡಬ್ಬಿ ನೋಡಿದ. ಅವನು ಈಗ ಕೂಗಬಹುದು, ಮುಚ್ಚಳವನ್ನು ಮತ್ತೊಮ್ಮೆ ಎತ್ತಿ ತೋರಿಸಬಹುದು. ಕೂಗಲಿ ಎಂದೂ ಅನಿಸಿತು.

"ಹೌದಾ," ಅಂದ. "ಹಂಗಾದ್ರ ನಂದ ತಪ್ಪು."

ಸಿರಾಜುದ್ದೀನನಿಗೆ ಹೊಟ್ಟೆ ಕುಲುಕುವಷ್ಟು ನಗು ಬಂತು. "ಕ್ಯಾ ಉಸ್ತಾದ, ಸ್ವಂತ ಕೂಸು ಗುರ್ತ ಸಿಗಲಿಲ್ಲೇನು?"

"ವಯಸ್ಸಾತಲ್ರಿ," ಅಂದ ಮಜೀದಸಾಬ. "ಕೂಸುಗಳೂ ಗುರ್ತ ಸಿಗಂಗಿಲ್ಲ."

ಅಮರನಾಥ ಚಹಾ ತರಿಸಿದ. ಆರ್ಡರಿನ ಮಾತು ಶುರುವಾಯಿತು: ತಿಂಗಳಿಗೆ ಎಷ್ಟು, ಯಾವ ಕಟ್ಟಿಗೆ, ಒಳಗೆ ಮಖಮಲ್ಲು ಯಾರು ಹಾಕುವುದು. ಸಿರಾಜುದ್ದೀನ ಎಡಗಡೆಯ ಡಬ್ಬಿಯನ್ನು, ಅಂದರೆ ಮಷೀನಿನದನ್ನು, ಉಸ್ತಾದರ ಕೈಯದೆಂದು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಅಂಗಡಿಯ ಗಾಜಿನಲ್ಲಿ ಇಡುತ್ತಾನಂತೆ. ಆಮೇಲೆ ಇನ್ನೊಂದನ್ನು ತಿರುಗಿಸುತ್ತ, ಇದರ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇದೆಯೋ ಇಲ್ಲವೋ ಎಂದು ಕೇಳಿದ. ತೆಳುವಾದ ಕಡೆ ಸೀಳಿದರೆ ಅತ್ತರಿನ ಸೀಸೆ ಹೋಯಿತು. ಒಂದನ್ನು ನಡುವೆ ಕೊಯ್ದು ತೋರಿಸಿಬಿಡಿ, ಕಣ್ಣಾರೆ ನೋಡಿದರೆ ಮಾತೇ ಇಲ್ಲ ಎಂದ.

"ಅದಕ್ಕೇನು," ಅಂದ ಅಮರನಾಥ. "ಮಷೀನಿಂದು. ನಾಳಿಗಿ ನೂರು ಆಗ್ತಾವ. ಹುಮೇರಾ, ಕೊಯ್ಯವಾ ಇದನ್ನ."

ಅವಳು ಬೇರೆ ಡಬ್ಬಿ ಕೊಯ್ಯುತ್ತೇನೆಂದಳು. ಬೇರೆ ಡಬ್ಬಿ ಎಲ್ಲಿದೆ ಎಂದು ಅಮರನಾಥ ಕೇಳಿದ. ಮೂರು ತಿಂಗಳಲ್ಲಿ ಮಾಡಿದ್ದರಲ್ಲಿ ಒಂದಾದರೂ ಉಳಿದಿರಬೇಕಲ್ಲ. ಅವಳು ತಂದೆಯನ್ನು ನೋಡಿದಳು. ಅವನು ಚಹಾದ ಬಟ್ಟಲನ್ನು ಎರಡೂ ಕೈಯಿಂದ ಹಿಡಿದು ಕುಡಿಯುತ್ತಿದ್ದ.

"ನಾಳಿಗಿ ಒಂದು ಹೊಸಾದು ಮಾಡಿ ಕೊಯ್ತೀನ್ರಿ ಸರ್. ಫೋಟೋ ಕಳಸ್ತೀನಿ."

"ನನ್ನ ಗಾಡಿ ಇವತ್ತ ಅದ, ಬೇಟಿ," ಅಂದ ಸಿರಾಜುದ್ದೀನ.

ಮಜೀದಸಾಬ ಬಟ್ಟಲು ಕೆಳಗಿಟ್ಟ. "ಯಾಕ ಹಿಂದ ಮುಂದ ನೋಡ್ತಿ?" ಅಂದ. "ಮಷೀನಿಂದ ಅಲ್ಲಾ? ಕೊಯ್ಯಿ."

ಅವಳು ಡಬ್ಬಿಯನ್ನು ಹಲಗೆಯ ಮೇಲೆ ಬೋರಲಾಗಿ ಅಲ್ಲ, ಬಾಯಿ ಮೇಲಾಗಿ ಇಟ್ಟಳು. ಪಕ್ಕಕ್ಕೆ ಮುಚ್ಚಳವನ್ನೂ ಅಂಗಾತ ಇಟ್ಟಳು. ರಬ್ಬರಿನ ದಾರವನ್ನು ಎರಡರ ಕೆಳಗೂ ಕೂರಿಸಿದಳು. ಕೊರೆಯುವ ಬಿಟ್ ಬದಲಿಸಲು ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಪಂಪು ಹಚ್ಚಿದಾಗ ಹಿಡಿತ ತೋರಿಸುವ ಗಡಿಯಾರದ ಮುಳ್ಳು ಏರಲಿಲ್ಲ, ತಳ ಸೋರುತ್ತಿತ್ತು. ಇದಕ್ಕೆ ಮೇಣ ಹಚ್ಚಿರಲಿಲ್ಲ. ಮೇಣದ ತುಂಡು ತಂದು ತಳಕ್ಕೆ ಉಜ್ಜಿ ಮತ್ತೆ ಇಟ್ಟಳು. ಮುಳ್ಳು ಏರಿತು. ಬೆರಳಿನ ಗೆಣ್ಣು ಎತ್ತಿದಳು, ಆದರೆ ತಟ್ಟಲಿಲ್ಲ.

ಮಜೀದಸಾಬ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದ. ಅವನೇ ಕೈ ಚಾಚಿ ಡಬ್ಬಿಗೆ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳಿದ.

"ಹಿಡದದ," ಅಂದ. "ನಾರಿಗಿ ಅಡ್ಡ ಕೊಯ್ಬ್ಯಾಡ, ಕಿತ್ಕೊಂಡು ಬರ್ತದ. ಉದ್ದಕ್ಕ ತಗೊ. ಅವಸರ ಮಾಡಬ್ಯಾಡ."

ಮೂರು ತಿಂಗಳಲ್ಲಿ ಅವನು ಕೆಲಸಕ್ಕೆ ಮುಂಚೆ ಹೇಳಿದ ಮೊದಲ ಮಾತು ಅದು.

ಅವಳು ಗುಂಡಿ ಒತ್ತಿದಳು. ಬಿಟ್ ಮೊದಲು ಬಾಯಂಚನ್ನು ಮುಟ್ಟಿತು, ಒಂದು ಮಿಲಿಮೀಟರು ಇಳಿದು ಈ ತುದಿಯಿಂದ ಆ ತುದಿಗೆ ಹೋಯಿತು, ಮತ್ತೊಂದು ಮಿಲಿಮೀಟರು ಇಳಿದು ತಿರುಗಿ ಬಂತು. ಸಾಗವಾನಿಯ ಪುಡಿ ಅವಳ ದುಪಟ್ಟಾದ ಮೇಲೂ ಅವನ ಟೋಪಿಯ ಮೇಲೂ ಬಿತ್ತು. ಆರು ನಿಮಿಷ. ಮೈ ಆದ ಮೇಲೆ ಮುಚ್ಚಳಕ್ಕೆ ಹೋಯಿತು. ಅದಕ್ಕೆ ಎರಡು ನಿಮಿಷ. ತಳದಲ್ಲಿ ಕಾಗದದಂಥ ಪದರು ಉಳಿಸಿ ತಾನಾಗಿ ಮೇಲೆದ್ದು ನಿಂತಿತು.

ಪಂಪು ನಿಂತ ಮೇಲೆ ಪದರು ಬಿಡಿಸಲು ಅವಳು ಕೈ ಹಾಕುವ ಮೊದಲೇ ಮಜೀದಸಾಬ ಡಬ್ಬಿಯನ್ನು ಎತ್ತಿಕೊಂಡ. ಎರಡು ಹೆಬ್ಬೆರಳನ್ನು ಕೊಯ್ದ ಗೆರೆಯ ಎರಡೂ ಕಡೆ ಇಟ್ಟು ಒತ್ತಿದ. ಒಣ ಸದ್ದಿನೊಂದಿಗೆ ಅದು ಬೇರೆಯಾಯಿತು. ಮುಚ್ಚಳವನ್ನೂ ಹಾಗೆಯೇ ಮುರಿದ. ನಾಲ್ಕು ತುಂಡುಗಳನ್ನು ಹಲಗೆಯ ಮೇಲೆ, ಕೊಯ್ದ ಮುಖ ಮೇಲಾಗಿ, ಸಾಲಾಗಿ ಇಟ್ಟ. ಇಷ್ಟು ಹೊತ್ತೂ ಅವನ ಕೈ ನಡುಗಲಿಲ್ಲ.

ಹುಮೇರಾ ನೋಡಿದಳು. ಗೋಡೆಯ ದಪ್ಪ ಎಲ್ಲ ಕಡೆ ಸಮವಾಗಿತ್ತು, ಒಂದು ಜಾಗ ಬಿಟ್ಟು. ಮುಚ್ಚಳದ ಒಳಗೋಡೆ ನೆಟ್ಟಗಿರಲಿಲ್ಲ. ಬಾಯಿಯಿಂದ ಒಳಕ್ಕೆ ಹೋಗುತ್ತ ಕೊನೆಯ ಎರಡು ದಾರದಷ್ಟು ಜಾಗದಲ್ಲಿ ಅದು ಕಣ್ಣಿಗೆ ಕಾಣಿಸಿಯೂ ಕಾಣದಷ್ಟು ಒಳಗೆ ಬಾಗಿತ್ತು. ಮುಚ್ಚಳ ಸಡಿಲವಾಗಿ ಇಳಿದು, ಕೊನೆಗೆ ತಾನೇ ತನ್ನನ್ನು ತಡೆದುಕೊಳ್ಳುವುದು ಅಲ್ಲಿ. ಮಳೆಗಾಲಕ್ಕೆ ಕಟ್ಟಿಗೆ ಉಬ್ಬಿದರೂ ಬಿಗಿಯಾಗದಿರುವುದೂ ಅದರಿಂದ. ಅವಳ ಅಳತೆಯ ವರ್ನಿಯರ್ ಬಾಯಂಚನ್ನಷ್ಟೇ ಮುಟ್ಟುತ್ತಿತ್ತು, ಅಷ್ಟು ಒಳಗಿನ ಬಾಗನ್ನು ಅಳೆಯುವಂತಿರಲಿಲ್ಲ. ನಲವತ್ತೊಂದು ತಪ್ಪು ಹೇಳಿದವನು ಇದೊಂದನ್ನು ಹೇಳಿರಲಿಲ್ಲ. ಅಮರನಾಥನ ಕಣ್ಣಿಗೆ ಏನೂ ಬೀಳಲಿಲ್ಲ. ಅವನು ಗೋಡೆ ಎಷ್ಟು ಸಮ ಇದೆ ನೋಡ್ರಿ ಎಂದು ವಿವರಿಸುತ್ತಿದ್ದ.

ಸಿರಾಜುದ್ದೀನ ಮುಚ್ಚಳದ ಒಂದು ತುಂಡನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನ ಉಗುರನ್ನು ಆ ಬಾಗಿನ ಮೇಲೆ ಆಡಿಸಿದ. ಒಮ್ಮೆ ಮಜೀದಸಾಬನನ್ನು, ಒಮ್ಮೆ ಹುಮೇರಾಳನ್ನು ನೋಡಿ, ತುಂಡನ್ನು ಜೋಪಾನವಾಗಿ ಕೆಳಗಿಟ್ಟ.

"ನಿನ್ನ ಮಷೀನ್ ಭಾಳ ಜಾಣ ಅದ, ಬೇಟಿ," ಅಂದ. "ಇಂಥಾವ ಬೇಕು ನನಗ."

ಹೋಗುವ ಮೊದಲು ಅವನು ಇನ್ನೊಂದು ವಿಷಯ ನೆನಪು ಮಾಡಿಕೊಂಡ. ಪ್ರತಿ ಡಬ್ಬಿಯೊಳಗೆ ಒಂದು ಚೀಟಿ ಇಡಬೇಕು. ಅದರ ಮೇಲೆ ಉಸ್ತಾದರ ಫೋಟೋ, ಕೆಳಗೆ ಮಜೀದಸಾಬ, ಶಹಾಬಾದ, ಕೈಕೆಲಸ ಎಂದು. ಚೀಲದಿಂದ ಕರವಸ್ತ್ರ ಬಿಚ್ಚಿ ಮಷೀನಿನ ಡಬ್ಬಿಯನ್ನು ಮಜೀದಸಾಬನ ಕೈಗೆ ಕೊಟ್ಟು, ಬಾಗಿಲ ಬೆಳಕಿನಲ್ಲಿ ನಿಲ್ಲಿಸಿದ. ಟೋಪಿಯ ಮೇಲಿನ ಪುಡಿಯನ್ನು ಅಮರನಾಥ ಒರೆಸಲು ಹೋದರೆ, ಇರಲಿ, ಅದು ಇದ್ದರೇ ಚೆಂದ ಎಂದ.

"ಜರಾ ನಗ್ರಿ ಉಸ್ತಾದ. ಮಗಳು ಗೆದ್ದಾಳ."

ಮಜೀದಸಾಬ ನಕ್ಕ. ಫೋಟೋ ಚೆನ್ನಾಗಿ ಬಂತು. ಆಮೇಲೆ ಡಬ್ಬಿ ವಾಪಸ್ ಕೊಟ್ಟು, ಹಲಗೆಯ ಹತ್ತಿರ ಹೋಗಿ ತುಂಡುಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು, ಯಾರಿಗೂ ಹೇಳದೆ ಬಿಸಿಲಿನಲ್ಲಿ ನ‌ಡೆದು ಹೋದ.

ಅವನು ಕಟ್ಟಿಕೊಂಡದ್ದು ಮೂರು ತುಂಡು. ಮುಚ್ಚಳದ ಅರ್ಧ ಹುಮೇರಾಳ ಕೈಯಲ್ಲಿತ್ತು. ಫೋಟೋ ತೆಗೆಯುವಾಗ ಅವಳು ಎತ್ತಿಟ್ಟುಕೊಂಡಿದ್ದಳು.

ಸಂಜೆ ಅಮರನಾಥ ಪೇಡೆ ಕೊಟ್ಟು, ನಾಳೆಯಿಂದ ಶೆಡ್ಡಿನ ಕೀಲಿ ಅವಳ ಹತ್ತಿರವೇ ಇರಲಿ ಎಂದ. ಅವನು ಹೋದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತು ತುಂಡಿನ ಕೊಯ್ದ ಮುಖಕ್ಕೆ ವರ್ನಿಯರ್ ಹಿಡಿದಳು. ಬಾಗು ಎಲ್ಲಿ ಶುರು, ಎಲ್ಲಿ ಮುಗಿತಾಯ, ಎಷ್ಟು ಆಳ. ಮೂರು ಸಲ ಅಳೆದಾಗಲೂ ಅದೇ ಬಂತು: ಆರು ಮಿಲಿಮೀಟರು ಉದ್ದಕ್ಕೆ ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ. ನಡುಗುವ ಕೈಯಲ್ಲಿ, ನೋಡಲಾಗದ ಜಾಗದಲ್ಲಿ ಅವನು ಇದನ್ನು ಕೆತ್ತಿದ್ದ. ಅವಳು ನಕಾಶೆ ತೆರೆದು ನೆಟ್ಟಗಿದ್ದ ಗೆರೆಯನ್ನು ಅಳಿಸಿ, ಬಾಗಿದ ಗೆರೆ ಹಾಕಿ, ಉಳಿಸಿದಳು. ತುಂಡನ್ನು ಬ್ಯಾಗಿಗೆ ಹಾಕಿಕೊಂಡು, ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೋದಳು.

ಮಜೀದಸಾಬ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಬೆಂಕಿ ಇನ್ನೂ ಸಣ್ಣದಿತ್ತು. ಪಕ್ಕದಲ್ಲಿ ಟವೆಲು ಬಿಚ್ಚಿ ಹಾಸಿತ್ತು. ಅವಳು ಬ್ಯಾಗನ್ನು ಬಾಗಿಲ ಮೊಳೆಗೆ ತೂಗುಹಾಕಿದಳು.

"ನಾಲ್ಕು ಇರಬೇಕು," ಅಂದ ಅವನು, ತಿರುಗದೆ. "ಮೂರ ಅದಾವ."

"ಅಲ್ಲೇ ಎಲ್ಲರ ಬಿದ್ದಿರಬೇಕು ಅಬ್ಬಾ."

"ಇರಬೇಕು."

ಅವನು ಮೈಯ ಒಂದು ಅರ್ಧವನ್ನು ಎತ್ತಿ ಒಲೆಗೆ ಹಾಕಿದ. ಅದು ಹೊತ್ತಿಕೊಳ್ಳುವವರೆಗೆ ಕಾದು ಇನ್ನೊಂದು ಅರ್ಧ ಹಾಕಿದ. ಮೇಣ ಹಚ್ಚಿದ್ದರಿಂದ ತಳ ಚಿಟಿಚಿಟಿ ಎಂದಿತು. ಆಮೇಲೆ ಮುಚ್ಚಳದ ಅರ್ಧ. ಹುಮೇರಾ ನಿಂತೇ ಇದ್ದಳು. ಪ್ರತಿ ಸಂಜೆ ಇಲ್ಲಿ ಅವನು ಒಂದು ತಪ್ಪು ಹೇಳುತ್ತಿದ್ದ. ಅವಳು ಕಾದಳು.

"ನೀರು ಕಾಯ್ತಾವ," ಅಂದ. "ಹೋಗು, ಮೈ ತೊಳ್ಕೊ."

ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕತ್ತಲಿನಲ್ಲಿ ಹಂಡೆಯ ತಾಮ್ರ ಮಂದವಾಗಿ ಕಾಣುತ್ತಿತ್ತು. ಬೆರಳು ಅದ್ದಿ ನೋಡಿದರೆ ನೀರು ಉಗುರುಬೆಚ್ಚಗಿತ್ತು, ಅಷ್ಟೇ. ಮೊದಲ ತಂಬಿಗೆಯನ್ನು ತಲೆಯ ಮೇಲೆ ಸುರಿದುಕೊಂಡಾಗ ಕೂದಲಿನಿಂದ ಸಾಗವಾನಿಯ ಪುಡಿ ಇಳಿದು ಪರಸಿಯ ಮೇಲೆ ಹರಿಯಿತು.

ಗೋಡೆಯಾಚೆ ಅವನು ಎದ್ದ ಸದ್ದಾಯಿತು. ಹೆಜ್ಜೆಗಳು ಬಾಗಿಲ ತನಕ ಹೋಗಿ ನಿಂತವು. ಬ್ಯಾಗಿನ ಜಿಪ್ಪು ಎಳೆದ ಸದ್ದು, ನಿಧಾನವಾಗಿ, ಈ ತುದಿಯಿಂದ ಆ ತುದಿಯವರೆಗೆ. ಅವಳು ತಂಬಿಗೆಯನ್ನು ಹಾಗೆಯೇ ಹಿಡಿದುಕೊಂಡು ಕೂತಳು. ಹೆಜ್ಜೆಗಳು ಒಲೆಯ ಹತ್ತಿರ ವಾಪಸ್ ಬಂದವು.

ಸ್ವಲ್ಪ ಹೊತ್ತಿಗೆ ಹಂಡೆಯ ತಳದಲ್ಲಿ ನೀರು ಸಣ್ಣಗೆ ಸದ್ದು ಮಾಡತೊಡಗಿತು.